ಆದರ್ಶ ಅನಿಲ ಸಮೀಕರಣದ ಲೆಕ್ಕ: ಮೊದಲು ಏಕಮಾನ, ಆಮೇಲೆ ಸೂತ್ರ

ಪಿವಿ = ಎನ್‌ಆರ್‌ಟಿ ಎಂಬ ಸೂತ್ರವನ್ನು ಬಾಯಿಪಾಠ ಮಾಡುವುದು ಸುಲಭ; ಲೆಕ್ಕ ತಪ್ಪುವುದು ಹೆಚ್ಚಾಗಿ ಏಕಮಾನಗಳಲ್ಲಿ. ಆದ್ದರಿಂದ ಪ್ರಶ್ನೆಯನ್ನು ಓದಿದ ಕೂಡಲೇ ಒತ್ತಡ (ಪಿ), ಗಾತ್ರ (ವಿ), ಮೋಲ್ ಸಂಖ್ಯೆ (ಎನ್), ತಾಪಮಾನ (ಟಿ) ಈ ನಾಲ್ಕರಲ್ಲಿ ಯಾವುದನ್ನು ಕೊಟ್ಟಿದ್ದಾರೆ, ಯಾವುದನ್ನು ಕೇಳಿದ್ದಾರೆ ಎಂದು ಬರೆದುಕೊಂಡು, ಸೆಲ್ಸಿಯಸ್ ತಾಪಮಾನಕ್ಕೆ 273 ಕೂಡಿಸಿ ಕೆಲ್ವಿನ್‌ಗೆ ತರಬೇಕು. ಒತ್ತಡ ಅಟ್ಮಾಸ್ಫಿಯರ್‌ನಲ್ಲಿ, ಗಾತ್ರ ಲೀಟರ್‌ನಲ್ಲಿ ಇದ್ದರೆ ಅನಿಲ ಸ್ಥಿರಾಂಕವಾದ ಆರ್‌ನ ಬೆಲೆ 0.0821, ಪಾಸ್ಕಲ್ ಮತ್ತು ಘನಮೀಟರ್ ಇದ್ದರೆ 8.314.

ನಮ್ಮ ಕರಾವಳಿಯಲ್ಲಿ ಸುಣ್ಣಕ್ಕಾಗಿ ಸುಡುತ್ತಿದ್ದ ಚಿಪ್ಪನ್ನೇ ತೆಗೆದುಕೊಳ್ಳೋಣ. ಅದರ 10 ಗ್ರಾಂ ಪುಡಿಯನ್ನು, ಅಪ್ಪಟ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದೇ ಭಾವಿಸಿ, ಸಾಕಷ್ಟು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಕಾರವಾರದ 30 ಡಿಗ್ರಿ ಸೆಕೆಯಲ್ಲಿ, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ? ಕಾರ್ಬೊನೇಟಿನ ಮೋಲಾರ್ ರಾಶಿ, ಅಂದರೆ ಒಂದು ಮೋಲಿನ ರಾಶಿ, 100 ಗ್ರಾಂ ಆದ್ದರಿಂದ ನಮ್ಮಲ್ಲಿರುವುದು 0.1 ಮೋಲ್, ಒಂದು ಮೋಲ್ ಕಾರ್ಬೊನೇಟಿನಿಂದ ಒಂದು ಮೋಲ್ ಅನಿಲ ಬರುವುದರಿಂದ ಎನ್ ಕೂಡ 0.1. ಗಾತ್ರ = 0.1 × 0.0821 × 303 ÷ 1, ಅಂದರೆ ಸುಮಾರು 2.49 ಲೀಟರ್. ಇಲ್ಲಿ ಅನೇಕರು ಮೋಲಿಗೆ 22.4 ಲೀಟರ್ ಎಂದು ಗುಣಿಸಿ 2.24 ಬರೆದುಬಿಡುತ್ತಾರೆ, ಅದು ಸೊನ್ನೆ ಡಿಗ್ರಿಯ ಲೆಕ್ಕ, ಅಂಥ ದಿನ ಕಾರವಾರಕ್ಕೆ ಬಂದದ್ದಿಲ್ಲ. ಅನಿಲವನ್ನು ನೀರಿನ ಮೇಲೆ ಸಂಗ್ರಹಿಸಿದ್ದರೆ ನೀರಾವಿಯ ಒತ್ತಡವನ್ನು, 30 ಡಿಗ್ರಿಯಲ್ಲಿ ಸುಮಾರು 32 ಮಿಲಿಮೀಟರ್ ಪಾದರಸದಷ್ಟನ್ನು, ಒಟ್ಟು ಒತ್ತಡದಿಂದ ಕಳೆಯಲು ಮರೆಯಬಾರದು.

ಅಡುಗೆ ಅನಿಲದ ಸಿಲಿಂಡರಿಗೆ ಮಾತ್ರ ಈ ಸೂತ್ರವನ್ನು ನೇರವಾಗಿ ಹಚ್ಚಬೇಡಿ, ಒಳಗಿರುವ 14.2 ಕಿಲೋಗ್ರಾಂನಲ್ಲಿ ಬಹುಪಾಲು ದ್ರವ.

ಅನಿಲದ ಪ್ರಮಾಣ ಬದಲಾಗದಿದ್ದರೆ ಆರ್ ಬೇಕಾಗುವುದೇ ಇಲ್ಲ. ಒತ್ತಡ ಮತ್ತು ಗಾತ್ರಗಳ ಗುಣಲಬ್ಧವನ್ನು ತಾಪಮಾನದಿಂದ ಭಾಗಿಸಿದರೆ ಎರಡು ಸ್ಥಿತಿಗಳಲ್ಲೂ ಒಂದೇ ಉತ್ತರ. ಕುಮಟಾದಲ್ಲಿ 32 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಸಡಿಲವಾಗಿ ಊದಿದ 2 ಲೀಟರ್ ಬಲೂನನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ದಿರಿ. ಅಲ್ಲಿ 22 ಡಿಗ್ರಿ, 0.93 ಅಟ್ಮಾಸ್ಫಿಯರ್ ಎಂದಿಟ್ಟುಕೊಳ್ಳೋಣ. 2 × (1 ÷ 0.93) × (295 ÷ 305) = 2.08 ಲೀಟರ್. ತಂಪು ಕುಗ್ಗಿಸಲು ನೋಡಿದರೂ ಒತ್ತಡದ ಇಳಿಕೆಯದೇ ಮೇಲುಗೈ. ಕೆಲ್ವಿನ್ ಮರೆತು 22 ÷ 32 ಹಾಕಿದವರಿಗೆ ಬಲೂನು 1.48 ಲೀಟರಿಗೆ ಮುದುಡಿ ಕಾಣುತ್ತದೆ. ಬಸ್ಸಿನಲ್ಲಿ ಘಟ್ಟ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನೋಡಿದವರಿಗಾದರೂ ಆ ಉತ್ತರದ ಮೇಲೆ ಅನುಮಾನ ಬರಬೇಕು.