ರಾತ್ರಿ ಎರಡು ಗಂಟೆಗೆ ನಿಮ್ಮ ಐಸಿಯು ಒಮ್ಮೆ ಸುತ್ತಿ ನೋಡಿ

ಆಸ್ಪತ್ರೆಗಳಲ್ಲಿ ಬೆಂಕಿ ತಪಾಸಣೆ ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತದೆ. ಎಲೆಕ್ಟ್ರಿಷಿಯನ್ ಇರುತ್ತಾರೆ, ಸಿಬ್ಬಂದಿ ಎಲ್ಲ ಇರುತ್ತಾರೆ, ಹಿಂಬಾಗಿಲ ಬೀಗವೂ ಅವತ್ತು ತೆಗೆದಿರುತ್ತದೆ. ಆದರೆ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಗೆ 2011ರ ಡಿಸೆಂಬರ್ 9ರಂದು ಬೆಂಕಿ ಬಿದ್ದಿದ್ದು ಬೆಳಕು ಹರಿಯುವ ಮೊದಲು. ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ 2021ರ ಜನವರಿ 9ರಂದು 10 ಹಸುಗೂಸುಗಳು ತೀರಿಕೊಂಡಿದ್ದು ನಡುರಾತ್ರಿ ಕಳೆದ ಮೇಲೆ. ಅದೇ ವರ್ಷ ಏಪ್ರಿಲ್ 23ರಂದು ಮುಂಬೈ ಹತ್ತಿರದ ವಿರಾರ್‌ನ ಆಸ್ಪತ್ರೆಯೊಂದರ ಐಸಿಯು ಹೊತ್ತಿಕೊಂಡಿದ್ದೂ ನಸುಕಿನಲ್ಲಿ. ಝಾನ್ಸಿಯಲ್ಲಿ 2024ರ ನವೆಂಬರ್ 15ರಂದು ಶಿಶುಗಳ ಐಸಿಯುಗೆ ಬೆಂಕಿ ಬಿದ್ದಾಗಲೂ ರಾತ್ರಿ.

ಹಾಗಾಗಿ ನೀವು ನರ್ಸಿಂಗ್ ಹೋಮ್ ನಡೆಸುವವರಾಗಿರಲಿ, ವಾರ್ಡ್ ಇನ್‌ಚಾರ್ಜ್ ಆಗಿರಲಿ, ಒಂದು ಸಲ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು, ಎಲೆಕ್ಟ್ರಿಷಿಯನ್ ಜೊತೆ ಸುತ್ತಿ ಬನ್ನಿ. ಏನೇನು ನೋಡಬೇಕು ಅಂತ ಹೇಳ್ತೀನಿ.

ಮೊದಲು ಪ್ಲಗ್‌ಗಳು. ಎಸಿ, ವೆಂಟಿಲೇಟರ್, ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಇವುಗಳ ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆಯಾ, ಸುಟ್ಟ ವಾಸನೆ ಬರುತ್ತಿದೆಯಾ ನೋಡಿ. ಹಾಗಿದ್ದರೆ ಆ ಪ್ಲಗ್ ಮುಟ್ಟಬೇಡಿ, ರೋಗಿಯ ಮಷೀನನ್ನು ಬೇರೆ ಲೈನಿಗೆ ಬದಲಿಸಿ, ಸುಟ್ಟ ಪ್ಲಗ್ ಇರುವ ಲೈನ್ ಆಫ್ ಮಾಡಿಸಿ. ಪ್ಯಾನೆಲ್ ಒಳಗೆ ವೈರ್ ಕೂರುವ ಸ್ಕ್ರೂಗಳು ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಸಡಿಲ ಆಗುತ್ತವೆ, ಸಡಿಲ ಆದ ಜಾಗ ಇನ್ನೂ ಜಾಸ್ತಿ ಬಿಸಿಯಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಲೋಡ್ ಇರುವಾಗಲೇ ಥರ್ಮಲ್ ಕ್ಯಾಮೆರಾದಲ್ಲಿ ನೋಡಿಸಿ. ಕೋವಿಡ್ ಕಾಲದಲ್ಲಿ ತಂದಿಟ್ಟ, ಹಣೆಗೆ ಹಿಡಿಯುವ ಗನ್ ಇದಕ್ಕೆ ಆಗಲ್ಲ. ಅದು ಜ್ವರ ನೋಡುವುದಕ್ಕಷ್ಟೇ.

ಇನ್ನೊಂದು ತಪ್ಪು ಎಷ್ಟು ಕಡೆ ಕಂಡಿದ್ದೀನಿ ಅಂದರೆ ಹೇಳದೆ ಇರೋಕೆ ಆಗಲ್ಲ. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತದೆ. ಡಾಕ್ಟರ್ ರೇಗುತ್ತಾರೆ. ಯಾರೋ ಬಂದು 16 ಆಂಪಿಯರ್‌ದು ತೆಗೆದು 32ರದ್ದು ಹಾಕಿ ಹೋಗುತ್ತಾರೆ. ಆಮೇಲೆ ಬೀಳುವುದಿಲ್ಲ, ಎಲ್ಲರಿಗೂ ಖುಷಿ. ಆದರೆ ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಅಲ್ಲಿ ಇರುವುದು 2.5 ಚದರ ಮಿಮೀ ವೈರ್ ಆದರೆ, 32ರ ಎಂಸಿಬಿ ಬೀಳುವ ಮೊದಲೇ ವೈರ್ ಬೇಯಲು ಶುರುವಾಗುತ್ತದೆ. ಎಂಸಿಬಿ ಬೀಳುತ್ತಿದೆ ಅಂದರೆ ಲೋಡ್ ಜಾಸ್ತಿಯಾಗಿದೆ ಅಥವಾ ಎಲ್ಲೋ ದೋಷ ಇದೆ. ಕಾರಣ ಹುಡುಕಿ, ಬೇಕಿದ್ದರೆ ಹೊಸ ಲೈನ್ ಎಳೆಸಿ. ಆರು ಹಾಸಿಗೆಗೆ ಅಂತ ಮಾಡಿದ ವೈರಿಂಗ್‌ನಲ್ಲಿ ಈಗ ಹತ್ತು ಹಾಸಿಗೆ ನಡೆಯುತ್ತಿದೆಯಾ? ಹಾಸಿಗೆಗೊಂದು ಮಾನಿಟರ್, ಎರಡು ಸಿರಿಂಜ್ ಪಂಪ್, ಗಾಳಿ ಹಾಸಿಗೆಯ ಪಂಪ್, ಮೇಲೆ ಮನೆಯವರ ಮೊಬೈಲ್ ಚಾರ್ಜರ್. ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಿರುತ್ತಾರೆ. ಆ ಬಾಕ್ಸ್‌ಗಳನ್ನು ಐಸಿಯುನಿಂದ ಹೊರಗೆ ಹಾಕಿ. ಮನೆಯ ಎಸಿಗೆ ಸಿಗುವ ಬಿಡುವು ಐಸಿಯು ಎಸಿಗೆ ಸಿಗುವುದಿಲ್ಲ. ಎರಡು ಹಾಕಿಸಿ, ಪಾಳಿಯಲ್ಲಿ ಓಡಿಸಿ.

ಸಾಮಾನ್ಯ ವಾರ್ಡ್, ಬಾತ್‌ರೂಮ್ ಗೀಸರ್ ಲೈನಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಇರಲಿ. ಅದರ ಟೆಸ್ಟ್ ಬಟನ್ ಒತ್ತಿದರೆ ತಟ್ಟನೆ ಬೀಳಬೇಕು (ಒತ್ತುವ ಮೊದಲು ಆ ಲೈನಿನಲ್ಲಿ ಯಾವ ರೋಗಿಯ ಮಷೀನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ). ವೆಂಟಿಲೇಟರ್ ಮತ್ತು ಓಟಿ (ಆಪರೇಷನ್ ಥಿಯೇಟರ್) ಲೈನಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಚಿಕ್ಕ ಸೋರಿಕೆಗೆ ಕರೆಂಟ್ ಹೋದರೆ ಜೀವಕ್ಕೇ ಅಪಾಯ. ಅದಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ದೋಷ ಬಂದರೆ ಅಲಾರಂ ಕೂಗುವ ವ್ಯವಸ್ಥೆ ಮಾಡುತ್ತಾರೆ.

ಈಗ ಆಕ್ಸಿಜನ್. ನಾವು ಉಸಿರಾಡುವ ಗಾಳಿಯಲ್ಲಿ ಅದು 21%. ಅದು 23-24%ಗೆ ಏರಿದರೂ ಬೆಡ್‌ಶೀಟ್, ಕೂದಲು ಎಲ್ಲ ಬೇಗ ಹೊತ್ತಿಕೊಳ್ಳುತ್ತವೆ. ಮೂಗಿನ ನಳಿಕೆಯಲ್ಲಿ ಜೋರಾಗಿ ಆಕ್ಸಿಜನ್ ಕೊಡುವ ಹೈ ಫ್ಲೋ ಮಷೀನ್ ನಿಮಿಷಕ್ಕೆ 60 ಲೀಟರ್‌ವರೆಗೆ ಬಿಡುತ್ತದೆ. ರೋಗಿಗೆ ಊಟ ಮಾಡಿಸಲು ಮಾಸ್ಕ್ ಅಥವಾ ನಳಿಕೆ ತೆಗೆದು ಹಾಸಿಗೆ ಮೇಲೆ ಹಾಗೇ ಇಟ್ಟರೆ ಅಷ್ಟೂ ಬಟ್ಟೆಗೆ ಇಳಿಯುತ್ತದೆ. ತೆಗೆದ ತಕ್ಷಣ ಬಂದ್ ಮಾಡುವುದನ್ನು ರೂಢಿ ಮಾಡಿಸಿ. ಸಿಲಿಂಡರ್ ವಾಲ್ವ್ ಬಿಗಿಯಾಗಿದೆ ಅಂತ ಎಣ್ಣೆ, ಗ್ರೀಸ್ ಹಚ್ಚಲೇಬಾರದು. ಓಟಿಯಲ್ಲಿ ಸ್ಪಿರಿಟ್ ಬೆರೆತ ಔಷಧಿ ಹಚ್ಚಿದ ಮೇಲೆ ಕನಿಷ್ಠ 3 ನಿಮಿಷ ಆರಲು ಬಿಟ್ಟೇ ಕಾಟರಿ (ಕರೆಂಟ್ ಬಿಸಿಯಿಂದ ಕತ್ತರಿಸಿ ರಕ್ತ ನಿಲ್ಲಿಸುವ ಉಪಕರಣ) ಹಿಡಿಯಬೇಕು.

ರಾತ್ರಿ ಡ್ಯೂಟಿ ಸಿಸ್ಟರನ್ನು ಕೇಳಿ, ಈ ವಾರ್ಡಿನ ಆಕ್ಸಿಜನ್ ಲೈನ್ ಬಂದ್ ಮಾಡುವ ವಾಲ್ವ್ ಎಲ್ಲಿದೆ? ಗೊತ್ತಿಲ್ಲ ಅಂದರೆ ತಪ್ಪು ಅವರದ್ದಲ್ಲ, ತೋರಿಸಿಕೊಡದೆ ಇರುವ ನಮ್ಮದು. ಆಕ್ಸಿಜನ್ ಮೇಲಿರುವ ರೋಗಿಗೆ ಚಿಕ್ಕ ಸಿಲಿಂಡರ್ ಹಾಕಿದ ಮೇಲೆ ವಾಲ್ವ್ ತಿರುಗಿಸಬೇಕು ಅನ್ನುವುದನ್ನೂ ಹೇಳಿಕೊಡಿ.

ಬೆಂಕಿ ಆರಿಸುವ ಸಿಲಿಂಡರ್‌ಗಳಲ್ಲಿ ಪೌಡರ್‌ದಕ್ಕೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರಿನಲ್ಲಿರಬೇಕು. ಸಿಒ2 ಸಿಲಿಂಡರ್‌ಗೆ ಮುಳ್ಳೇ ಇರುವುದಿಲ್ಲ, ತೂಕ ಹಾಕಿಯೇ ನೋಡಬೇಕು. ಎಂಆರ್‌ಐ ಕೋಣೆಗೆ ಕಬ್ಬಿಣದ ಸಿಲಿಂಡರ್ ಒಯ್ಯಬಾರದು, ಅಯಸ್ಕಾಂತ ಎಳೆದುಕೊಳ್ಳುತ್ತದೆ.

ಕೋಲ್ಕತ್ತದಲ್ಲಿ 90ರ ಆಸುಪಾಸು ಜನ ಹೋದರಲ್ಲ, ಹೆಚ್ಚಿನವರು ಹೊಗೆಗೆ ಉಸಿರುಕಟ್ಟಿ ಹೋದವರು. ಬೆಂಕಿ ಎದ್ದಿದ್ದು ಸಾಮಾನು ತುಂಬಿದ್ದ ನೆಲಮಾಳಿಗೆಯಲ್ಲಿ, ಹೊಗೆ ಹೋಗಿದ್ದು ಮೇಲಿನ ಮಹಡಿಗಳಿಗೆ. ಅದಕ್ಕೇ ಕೇಬಲ್ ಹಾದು ಹೋಗುವ ತೂತುಗಳನ್ನು ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿಸಿ, ಫೈರ್ ಡೋರ್‌ಗೆ ಇಟ್ಟಿಗೆ ಕೊಟ್ಟು ತೆರೆದಿಡುವುದನ್ನು ನಿಲ್ಲಿಸಿ, ಬೇಸ್‌ಮೆಂಟಿನಲ್ಲಿ ಹಳೇ ಹಾಸಿಗೆ, ರಟ್ಟಿನ ಪೆಟ್ಟಿಗೆ ಪೇರಿಸಿದ್ದರೆ ನಾಳೆಯೇ ಖಾಲಿ ಮಾಡಿಸಿ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ವಿದ್ಯುತ್ ಪರಿವೀಕ್ಷಣಾಲಯದ ಪತ್ರ ಎರಡೂ ಇರಲೇಬೇಕು. ಆದರೆ ಅವು ಅವತ್ತು ನೋಡಿದ ಕಟ್ಟಡಕ್ಕೆ ಕೊಟ್ಟ ಪತ್ರಗಳು. ಆಮೇಲೆ ಗೋಡೆ ಎಬ್ಬಿಸಿದ್ದರೆ, ಹಾಸಿಗೆ ಸೇರಿಸಿದ್ದರೆ ಮತ್ತೆ ತಿಳಿಸಿ, ಮತ್ತೆ ನೋಡಿಸಿ.

ಕೊನೆಗೆ, ಅದೇ ರಾತ್ರಿ ಡ್ಯೂಟಿಯಲ್ಲಿ ಇರುವವರನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿ. ರೋಗಿಯ ಬದಲು ಸಿಬ್ಬಂದಿಯಲ್ಲೇ ಒಬ್ಬರನ್ನು ಬೆಡ್‌ಶೀಟ್ ಮೇಲೆ ಮಲಗಿಸಿ ಎಳೆಯಿರಿ. ಮೆಟ್ಟಿಲಿಗೆ ಓಡುವುದಲ್ಲ, ಮೊದಲು ಅದೇ ಮಹಡಿಯಲ್ಲಿ ಫೈರ್ ಡೋರ್ ಆಚೆಗೆ. ಲಿಫ್ಟ್ ಬೇಡ. ಶಿಶುಗಳ ಘಟಕದಲ್ಲಿ ಕೂಸುಗಳೆಷ್ಟು, ಎತ್ತಲು ಕೈಗಳೆಷ್ಟು ಎಣಿಸಿ. ಮೂರು ಮಕ್ಕಳನ್ನು ಒಟ್ಟಿಗೆ ಹೊರುವಂಥ ಜೇಬಿನ ಏಪ್ರನ್ ಹೊಲಿಸಿ ಗೋಡೆಗೆ ತೂಗುಹಾಕಿ. 101 ಅಥವಾ 112ಕ್ಕೆ ಯಾರು ಫೋನ್ ಮಾಡುವುದು, ಗೇಟಿನಲ್ಲಿ ನಿಂತು ದಾರಿ ತೋರಿಸುವುದು ಯಾರು ಅಂತ ಮೊದಲೇ ಹೇಳಿಡಿ.

ನಾನು ಕೆಲಸ ಮಾಡಿದ ಒಂದು ನರ್ಸಿಂಗ್ ಹೋಮ್‌ನಲ್ಲಿ ಹೀಗೆ ಅಭ್ಯಾಸಕ್ಕೆ ಹೊರಟಾಗ ಹಿಂಬಾಗಿಲಿಗೆ ಬೀಗ. ಕೀ ವಾಚ್‌ಮನ್ ಹತ್ತಿರ, ಅವರು ಟೀ ಕುಡಿಯಲು ಹೋಗಿದ್ದರು. ಬರಲು ಹನ್ನೊಂದು ನಿಮಿಷ ಆಯಿತು. ಬಿಲ್ ಕಟ್ಟದೆ ಹೋಗುತ್ತಾರೆ, ಕಳ್ಳರು ಬರುತ್ತಾರೆ ಅಂತ ಮಾಲೀಕರು ಬೀಗ ಹಾಕಿಸಿದ್ದರು. ಅವರ ಚಿಂತೆಯೂ ಸುಳ್ಳಲ್ಲ. ಅದಕ್ಕೆ ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪುಶ್ ಬಾರ್ ಹಾಕಿಸಿ, ತೆರೆದ ಕೂಡಲೇ ಸಿಸ್ಟರ್ ಮೇಜಿನ ಹತ್ತಿರ ಗಂಟೆ ಹೊಡೆಯುವಂತೆ ಮಾಡಿಸಿ, ಆ ಬೀಗ ತೆಗೆಸಿಬಿಡಿ.