ಲೋಕ ಸುತ್ತುವ ನಡುವೆ ಲಂಗ್ಕಾವಿಯಲ್ಲಿ ನಾಲ್ಕು ವಾರ: ಮನೆ ಹೂಡುವುದು ಹೇಗೆ

ಬೆಂಗಳೂರಿನ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರೆದುಕೊಂಡು ಆರು ತಿಂಗಳೋ ವರ್ಷವೋ ದೇಶ ಸುತ್ತಲು ಹೊರಡುವವರು ಏನೇನು ನೋಡಬೇಕು ಅಂತ ಉದ್ದದ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಏನೂ ನೋಡದೆ ಸುಮ್ಮನಿರುವ ದಿನಗಳು ಮಾತ್ರ ಇರುವುದಿಲ್ಲ. ಎರಡು-ಮೂರು ತಿಂಗಳು ಊರಿಂದೂರಿಗೆ ಓಡಿದ ಮೇಲೆ ಬ್ಯಾಗು ಕಟ್ಟುವಾಗಲೆಲ್ಲ ಮಕ್ಕಳು ಜಗಳ ತೆಗೆಯುತ್ತಾರೆ, ದೊಡ್ಡವರಿಗೆ ದೇವಸ್ಥಾನವೂ ಬೇಡ, ಮ್ಯೂಸಿಯಮ್ಮೂ ಬೇಡ. ಅಷ್ಟು ದಣಿಯುವ ಮೊದಲೇ ಒಂದು ದ್ವೀಪದಲ್ಲಿ ಮನೆ ಹಿಡಿದು ಕೂರಬೇಕು. ಮೂರು ವಾರಕ್ಕಿಂತ ಕಡಿಮೆಯಾದರೆ ಪ್ರಯೋಜನವಿಲ್ಲ. ಮೊದಲ ವಾರ ನಿದ್ದೆ ಮತ್ತು ಬಟ್ಟೆ ಒಗೆಯುವುದರಲ್ಲೇ ಮುಗಿಯುತ್ತದೆ, ಕೊನೆಯ ವಾರ ಮುಂದಿನ ಟಿಕೆಟ್ಟಿನ ಗಡಿಬಿಡಿಗೆ ಹೋಗುತ್ತದೆ.

ಇಂಥ ತಂಗುವಿಕೆಗೆ ಸುಂದರವಾದ ದ್ವೀಪಕ್ಕಿಂತ ಅನುಕೂಲವಾದ ದ್ವೀಪ ಮೇಲು. ತರಕಾರಿ ಅಂಗಡಿ, ಔಷಧದಂಗಡಿ, ಆಸ್ಪತ್ರೆ, ಅಡುಗೆಮನೆ ಇರುವ ಬಾಡಿಗೆ ಮನೆ ಎಲ್ಲ ಹತ್ತಿರದಲ್ಲೇ ಇರಬೇಕು. ಮಲೇಷ್ಯಾದ ಕೆಡಾ ರಾಜ್ಯದ ಲಂಗ್ಕಾವಿ ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಮುಂದೆ ಒಂದು ಗಂಟೆ ವಿಮಾನ.

ಕಾಲ ಮತ್ತು ದಿನಗಳ ಲೆಕ್ಕ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ಸಮುದ್ರ ಶಾಂತ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಜೋರು. ಮಲೇಷ್ಯಾದ ಪೂರ್ವ ಕರಾವಳಿಯ ಪೆರ್ಹೆಂಟಿಯನ್, ರೆಡಾಂಗ್ ದ್ವೀಪಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ನವೆಂಬರ್‌ನಿಂದ ಸುಮಾರು ಫೆಬ್ರವರಿವರೆಗೆ ಕಡಲು ಕೆರಳಿ ರೆಸಾರ್ಟುಗಳೇ ಮುಚ್ಚಿರುತ್ತವೆ. ನಿಮ್ಮ ವಿಶ್ರಾಂತಿ ಜೂನ್-ಆಗಸ್ಟ್‌ಗೆ ಬಿದ್ದರೆ ಲಂಗ್ಕಾವಿಯ ಹಟ ಬಿಟ್ಟು ಬಾಲಿಯ ಕಡೆ ನೋಡಿ, ಅಲ್ಲಿ ಅದು ಒಣ ಕಾಲ.

ಭಾರತೀಯರಿಗೆ 2023ರ ಡಿಸೆಂಬರ್‌ನಿಂದ ವೀಸಾ ಇಲ್ಲದೆ 30 ದಿನ ಇರಲು ಬಿಡುತ್ತಿದ್ದಾರೆ. ಈ ರಿಯಾಯಿತಿಗೆ ಗಡುವು ಇರುವುದರಿಂದ ಟಿಕೆಟ್ ಮಾಡುವ ದಿನವೇ ಮಲೇಷ್ಯಾ ವಲಸೆ ಇಲಾಖೆಯ ಸೈಟಿನಲ್ಲಿ ಖಚಿತಪಡಿಸಿಕೊಳ್ಳಿ. ಏರ್‌ಬಿಎನ್‌ಬಿಯಲ್ಲಿ ಮಾಲೀಕರು ಇಟ್ಟಿರುವ ತಿಂಗಳ ರಿಯಾಯಿತಿ 28 ರಾತ್ರಿಯಿಂದ ಶುರುವಾಗುತ್ತದೆ. ಎಡವುವುದು ಇಲ್ಲೇ: ಮೊದಲು ಕೌಲಾಲಂಪುರದಲ್ಲಿ ನಾಲ್ಕು ದಿನ ತಿರುಗಿದರೆ, ಆಮೇಲೆ 28 ರಾತ್ರಿಗೆ ಜಾಗವೇ ಉಳಿಯುವುದಿಲ್ಲ. ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನೇರವಾಗಿ ದ್ವೀಪಕ್ಕೆ ಹೋಗಿ, ನಗರವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಪ್ರವೇಶ ಅರ್ಜಿಯನ್ನು ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಮಕ್ಕಳದ್ದೂ ಬೇರೆ ಬೇರೆ. ಇದು ಉಚಿತ. ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ. ಮಲೇಷ್ಯಾದಿಂದ ಹೊರಹೋಗುವ ಟಿಕೆಟ್ಟನ್ನು ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲೇ ಕೇಳಬಹುದು, ಪ್ರಿಂಟ್ ಕೈಯಲ್ಲಿರಲಿ. ಕೌಲಾಲಂಪುರದಲ್ಲಿ ಇಮಿಗ್ರೇಷನ್ ಕ್ಯೂ ಉದ್ದವಿರುತ್ತದೆ. ಎರಡೂ ವಿಮಾನ ಬೇರೆ ಬೇರೆ ಟಿಕೆಟ್ಟಿನಲ್ಲಿದ್ದರೆ ನಡುವೆ ನಾಲ್ಕು ಗಂಟೆ ಬಿಡಿ, ಮೊದಲನೆಯದು ತಡವಾದರೆ ಎರಡನೆಯದು ನಿಮಗಾಗಿ ಕಾಯುವುದಿಲ್ಲ.

ಮನೆ ಎಲ್ಲಿ, ಎಂಥದ್ದು

ಪಂತಾಯ್ ಚೆನಾಂಗ್ ಕಡಲತೀರದಲ್ಲಿ ಅಂಗಡಿ, ಹೋಟೆಲು ಎಲ್ಲ ಇದ್ದರೂ ರಾತ್ರಿ ಗದ್ದಲ. ಅದರ ದಕ್ಷಿಣಕ್ಕೆ ಅಂಟಿಕೊಂಡ ಪಂತಾಯ್ ತೆಂಗಾ ಕುಟುಂಬಗಳಿಗೆ ಸರಿಯಾದ ಜಾಗ. ಉತ್ತರದ ತಂಜುಂಗ್ ರು ತೀರ ಬಲು ಚೆಂದ, ಆದರೆ ಒಂದು ಕಟ್ಟು ಸೊಪ್ಪಿಗೂ ಕಾರು ಹತ್ತಬೇಕು. ಆಸ್ಪತ್ರೆ, ದೋಣಿ ಜೆಟ್ಟಿ, ದೊಡ್ಡ ಅಂಗಡಿಗಳು ಇರುವುದು ಕುವಾ ಪೇಟೆಯಲ್ಲಿ.

ಬುಕ್ ಮಾಡುವ ಮೊದಲು ಮಾಲೀಕರಿಗೆ ನಾಲ್ಕು ಪ್ರಶ್ನೆ ಕೇಳಿ: ಒಲೆ ಗ್ಯಾಸಿನದೋ ಇಂಡಕ್ಷನ್ನೋ, ವಾಷಿಂಗ್ ಮೆಷಿನ್ ಮನೆಯೊಳಗೇ ಇದೆಯೋ, ಮಲಗುವ ಕೋಣೆಯ ಕಿಟಕಿಗೆ ಸೊಳ್ಳೆ ಜಾಲರಿ ಇದೆಯೋ, ಕರೆಂಟ್ ಬಿಲ್ಲು ಬಾಡಿಗೆಯಲ್ಲಿ ಸೇರಿದೆಯೋ. ತಿಂಗಳ ಬಾಡಿಗೆಯಲ್ಲಿ ಎಸಿಯ ಕರೆಂಟನ್ನು ಬೇರೆ ಹಾಕುವುದು ಮಾಮೂಲು.

ಅಡುಗೆಮನೆ

ಹೊರನಾಡಲ್ಲಿ ಮಕ್ಕಳ ಹೊಟ್ಟೆ ನೆಟ್ಟಗಾಗಲು ಒಂದು ವಾರದ ಅನ್ನ-ಸಾರು ಸಾಕು. ಎರಡು ಲೀಟರಿನ ಸ್ಟೀಲ್ ಕುಕ್ಕರ್ ಒಯ್ಯಿರಿ, ಅದರೊಳಗೇ ಸಾರಿನ ಪುಡಿ, ಹುಣಸೆಹಣ್ಣು, ಇಂಗು ತುಂಬಿದರೆ ಜಾಗವೂ ಉಳಿಯುತ್ತದೆ. ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕೆಲಸ ಮಾಡುವುದಿಲ್ಲ. ಫ್ರಿಜ್ಜಿನ ಮ್ಯಾಗ್ನೆಟ್ಟನ್ನು ತಳಕ್ಕೆ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಚಿಕೊಂಡರೆ ನಡೆಯುತ್ತದೆ. ಒಂದು ಹೆಚ್ಚಿನ ಗ್ಯಾಸ್ಕೆಟ್ ಇರಲಿ, ಆ ಅಳತೆಯದ್ದು ಅಲ್ಲಿ ಸಿಗುವುದು ಕಷ್ಟ.

ವೋಲ್ಟೇಜು ನಮ್ಮಷ್ಟೇ ಇದೆ, ಆದರೆ ಪ್ಲಗ್ಗಿನ ಮೂರು ಕಾಲೂ ಚಪ್ಪಟೆ. ಯೂನಿವರ್ಸಲ್ ಅಡಾಪ್ಟರ್ ಫೋನು, ಲ್ಯಾಪ್‌ಟಾಪಿಗೆ ಮಾತ್ರ. 6 ಆಂಪಿಯರ್ ಎಂದು ಬರೆದಿರುವ ಅಡಾಪ್ಟರ್ 240 ವೋಲ್ಟಿನಲ್ಲಿ ತಾಳುವುದು 1,440 ವ್ಯಾಟ್. ಮನೆಯಿಂದ ತಂದ 2,000 ವ್ಯಾಟಿನ ಇಂಡಕ್ಷನ್ ಒಲೆಯನ್ನು ಅದಕ್ಕೆ ಸಿಕ್ಕಿಸಿದರೆ ಪಿನ್ನು ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಬಾಡಿಗೆ ಮನೆಯಲ್ಲಿರುವ ಒಲೆಯನ್ನೇ ಬಳಸಿ.

ಇಡೀ ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಇಡಬೇಡಿ, ಬೇಗ ಬೆಂಕಿ ಹತ್ತುವ ವಸ್ತುವೆಂದು ತೆಗೆಸುತ್ತಾರೆ. ತೆಂಗಿನಕಾಯಿ ಅಲ್ಲಿ ಬೇಕಾದಷ್ಟಿದೆ. ದಾರಿಯಲ್ಲಿ ಯುಎಇ ಇದ್ದರೆ ಗಸಗಸೆ ಒಂದು ಚಿಟಿಕೆಯೂ ಬೇಡ, ಅಲ್ಲಿ ಅದು ನಿಷಿದ್ಧ. ಸಾಗು, ಕುರ್ಮಾ ಮಸಾಲೆ ಪುಡಿಗಳ ಲೇಬಲ್ ಓದಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ.

ಹೊರಗೆ ತಿನ್ನುವ ಸಸ್ಯಾಹಾರಿಗಳು ಒಂದನ್ನು ಗಟ್ಟಿಯಾಗಿ ನೆನಪಿಡಬೇಕು. ಪರೋಟಾದಂಥ ರೋಟಿ ಚನಾಯ್, ನಮ್ಮ ದೋಸೆಯಂಥ ತೋಸೆ ಎಲ್ಲ ಕಡೆ ಸಿಗುತ್ತವೆ, ಮಕ್ಕಳಿಗೆ ಹಿಡಿಸುತ್ತವೆ. ಆದರೆ ಪಕ್ಕದಲ್ಲಿ ಬಡಿಸುವ ಸಂಬಲ್ ಎಂಬ ಕೆಂಪು ಖಾರದ ಚಟ್ನಿಯಲ್ಲಿ ಸಾಮಾನ್ಯವಾಗಿ ಬೆಲಾಚನ್ ಎಂಬ ಸೀಗಡಿ ಪೇಸ್ಟ್ ಇರುತ್ತದೆ, ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಜೊತೆ ಸಣ್ಣ ಒಣಮೀನು. ಬರಿಗಣ್ಣಿಗೆ ಬೆಲಾಚನ್ ಕಾಣುವುದೇ ಇಲ್ಲ. 'ತನ್ಪಾ ಉಡಾಂಗ್, ತನ್ಪಾ ಇಕಾನ್, ತನ್ಪಾ ಡಾಗಿಂಗ್' ಎಂದು ಕೇಳಿ: ಸೀಗಡಿ, ಮೀನು, ಮಾಂಸ ಬೇಡ ಎಂದು. ರಾತ್ರಿ ಸಂತೆ ದಿನಕ್ಕೊಂದು ಊರಲ್ಲಿ ಕೂಡುತ್ತದೆ. ಬುಧವಾರ, ಶನಿವಾರ ಕುವಾದಲ್ಲಿ. ಹಣ್ಣು ಅಲ್ಲೇ ಕೊಳ್ಳಿ.

ದಿನಚರಿ

ಮೊದಲ ಎರಡು ದಿನ ಬ್ಯಾಗುಗಳನ್ನು ಪೂರ್ತಿ ಖಾಲಿ ಮಾಡಿ, ಹೊಲಿಗೆ ಸಂದುಗಳನ್ನು ಟಾರ್ಚ್ ಹಾಕಿ ನೋಡಿ. ಹಾಸ್ಟೆಲುಗಳಿಂದ ತಿಗಣೆ ಬಂದಿದ್ದರೆ ಅಡಗುವುದು ಅಲ್ಲೇ. ಬಟ್ಟೆಯನ್ನು ಕಾಯಿನ್ ಹಾಕುವ ದೋಬಿ ಅಂಗಡಿಯ ಡ್ರೈಯರಿನಲ್ಲಿ ಹೆಚ್ಚಿನ ಬಿಸಿಗೆ ಅರ್ಧ ಗಂಟೆ ತಿರುಗಿಸಿ. ಬರೀ ಒಗೆದರೆ ತಿಗಣೆ ಸಾಯುವ ಖಾತ್ರಿಯಿಲ್ಲ, ಬಿಸಿಗೆ ಸಾಯುತ್ತದೆ. ತೇವದ ಗಾಳಿಗೆ ಚರ್ಮದ ಬೆಲ್ಟು, ಚಪ್ಪಲಿ ಬೂಷ್ಟು ಹಿಡಿಯುತ್ತವೆ, ಕಪಾಟಿನಲ್ಲಿ ಮುಚ್ಚಿಡಬೇಡಿ.

ಗಡಿಯಾರ ಬೆಂಗಳೂರಿಗಿಂತ ಎರಡೂವರೆ ಗಂಟೆ ಮುಂದಿದೆ. ಇದು ವರ. ಇಲ್ಲಿ ಬೆಳಿಗ್ಗೆ 9ಕ್ಕೆ ಶುರುವಾಗುವ ಆನ್‌ಲೈನ್ ಕ್ಲಾಸು ಅಲ್ಲಿ 11:30ಕ್ಕೆ. ಅಷ್ಟರಲ್ಲಿ ಮಕ್ಕಳು ಕಡಲಲ್ಲಿ ಆಡಿ, ಮಿಂದು, ಉಂಡಾಗಿರುತ್ತದೆ. ಸುಡುಬಿಸಿಲಿನ ಹೊತ್ತು ಪಾಠಕ್ಕೆ ಹೋಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಸೈಟಿನಿಂದ ಪಿಡಿಎಫ್‌ಗಳನ್ನು ಹೊರಡುವ ಮೊದಲೇ ಇಳಿಸಿಕೊಳ್ಳಿ. ಅಜ್ಜಿ-ತಾತನಿಗೆ ಫೋನು ಬೆಂಗಳೂರಿನ ಸಂಜೆ ನಾಲ್ಕೂವರೆಗೆ ಮಾಡಿ. ಅವರ ಏಳು ಗಂಟೆಗೆ ಕಾದರೆ ಅಲ್ಲಿ ಒಂಬತ್ತೂವರೆ, ಮಕ್ಕಳು ಮಲಗಿರುತ್ತಾರೆ.

ಸಮುದ್ರಕ್ಕೆ ಇಳಿಯುವಾಗ ಮಕ್ಕಳಿಗೆ ಮೈತುಂಬ ಈಜುಡುಗೆ ಹಾಕಿಸಿ, ಚೀಲದಲ್ಲಿ ಒಂದು ಬಾಟಲಿ ವಿನೆಗರ್ ಇರಲಿ. ಅಲ್ಲಿನ ನೀರಲ್ಲಿ ವಿಷದ ಬಾಕ್ಸ್ ಜೆಲ್ಲಿ ಮೀನು ಇವೆ. ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. 30 ಸೆಕೆಂಡ್ ವಿನೆಗರ್ ಸುರಿದು ಆಸ್ಪತ್ರೆಗೆ ಓಡಿ. ತುರ್ತು ಕರೆ 999. ಡೆಂಗಿ ಉಂಟು, ಅದರ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಬಾಲ್ಕನಿ ಬಾಗಿಲು ತೆರೆದಿಟ್ಟರೆ ಮಂಗಗಳು ಬಾಳೆಹಣ್ಣಿಗಾಗಿ ಒಳಗೇ ಬರುತ್ತವೆ, ಕೈಯಿಂದ ತಿನ್ನಿಸಲು ಮಕ್ಕಳನ್ನು ಬಿಡಬೇಡಿ.

ಓಡಾಟಕ್ಕೆ ಗ್ರ್ಯಾಬ್ ಎಂಬ ಟ್ಯಾಕ್ಸಿ ಆ್ಯಪ್ ಸಾಕು. ಕಾರು ಬಾಡಿಗೆಗೆ ಬೇಕಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒದಲ್ಲಿ ಮಾಡಿಸಿಕೊಂಡೇ ಹೊರಡಿ, ಒಂದು ವರ್ಷ ನಡೆಯುತ್ತದೆ. ರಸ್ತೆಯ ಎಡಬದಿಯೇ ಆದ್ದರಿಂದ ಕಷ್ಟವಿಲ್ಲ. ಎಟಿಎಂ 'ರೂಪಾಯಿಯಲ್ಲಿ ಕಡಿತ ಮಾಡಲೇ?' ಎಂದು ಕೇಳಿದರೆ ಬೇಡವೆನ್ನಿ, ರಿಂಗಿಟ್ಟನ್ನೇ ಆರಿಸಿ. ರೂಪಾಯಿ ದರದಲ್ಲಿ ಅವರ ಲಾಭ ಸೇರಿರುತ್ತದೆ. ಕೆಡಾದಲ್ಲಿ ಸರ್ಕಾರಿ ಕಚೇರಿಗಳಿಗೆ ರಜೆ ಶುಕ್ರವಾರ-ಶನಿವಾರ, ಭಾನುವಾರ ತೆರೆದಿರುತ್ತವೆ.

ಬ್ಯಾಂಕಿನ ಒಟಿಪಿ ಬರುವ ಸಿಮ್ಮಿಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. ಊರಿನ ಬಾಕಿ ಕೆಲಸಗಳನ್ನು ಈ ವಾರಗಳಲ್ಲೇ ಮುಗಿಸುವುದು ಜಾಣತನ: ವಿಮೆ ನವೀಕರಣ, ಬೆಸ್ಕಾಂ ಬಿಲ್ಲು, ಏಪ್ರಿಲ್ ಹತ್ತಿರವಿದ್ದರೆ ಶೇ 5 ರಿಯಾಯಿತಿಯ ಆಸ್ತಿ ತೆರಿಗೆ. ಮುಂದಿನ ದೇಶದ ವೀಸಾ ಅರ್ಜಿಯನ್ನು ಎರಡನೇ ವಾರದಲ್ಲೇ ಹಾಕಿಬಿಡಿ. ಪಾಸ್‌ಪೋರ್ಟನ್ನೇ ಕೊಡಬೇಕಾದ ವೀಸಾ ಆದರೆ ಅದಕ್ಕೆ ಕೌಲಾಲಂಪುರಕ್ಕೇ ಹೋಗಬೇಕಾಗುತ್ತದೆ, ಆ ದಿನಗಳನ್ನೂ 30ರೊಳಗೇ ಹೊಂದಿಸಬೇಕು.