ಅಪಾರ್ಟ್‌ಮೆಂಟಿನ ನಿರ್ವಹಣಾ ಏಜೆನ್ಸಿಯನ್ನು ಯಾವಾಗ ಬದಲಿಸಬೇಕು?

ಬೆಳಗಾವಿಯ ಟಿಳಕವಾಡಿ, ಹನುಮಾನ ನಗರ, ಸದಾಶಿವ ನಗರಗಳಂಥ ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟುಗಳು ಹೆಚ್ಚಿದಂತೆ, ಕಾವಲು, ಸ್ವಚ್ಛತೆ, ಪಂಪು, ಜನರೇಟರ್‌ಗಳ ಉಸ್ತುವಾರಿಯನ್ನು ಒಂದೇ ಏಜೆನ್ಸಿಗೆ ವಹಿಸುವ ರೂಢಿಯೂ ಬೆಳೆದಿದೆ. ಆ ಏಜೆನ್ಸಿಯನ್ನು ಬಿಡಿಸಬೇಕೆಂಬ ಮಾತು ನಿವಾಸಿಗಳ ಸಂಘದಲ್ಲಿ ಎದ್ದಾಗ, ಯಾರ ದನಿ ಜೋರಾಗಿದೆ ಎಂಬುದನ್ನು ಬದಿಗಿಟ್ಟು ದಾಖಲೆಗಳನ್ನು ತೆರೆಯಬೇಕು.

ಮೊದಲು ಸಂಘವು ತನ್ನ ಕಡೆಯನ್ನು ನೋಡಿಕೊಳ್ಳುವುದು ನ್ಯಾಯ. ಕರಾರಿನಲ್ಲಿ ಕೆಲಸಗಳ ಪಟ್ಟಿ ಸ್ಪಷ್ಟವಾಗಿದೆಯೇ, ಬಿಲ್ಲು ಸಕಾಲಕ್ಕೆ ಸಂದಾಯವಾಗುತ್ತಿದೆಯೇ? ಸರಕಾರ ನಿಗದಿಪಡಿಸಿದ ಕನಿಷ್ಠ ವೇತನವೂ ಹೊರಡದಷ್ಟು ಕಡಿಮೆ ದರಕ್ಕೆ ಒಪ್ಪಂದ ಮಾಡಿಕೊಂಡಿದ್ದರೆ, ಹೊಸ ಏಜೆನ್ಸಿ ಬಂದರೂ ಕಾವಲುಗಾರರು ತಿಂಗಳಿಗೊಬ್ಬರಂತೆ ಬದಲಾಗುತ್ತಲೇ ಇರುತ್ತಾರೆ. ತಾರಸಿ ಸೋರುವುದು, ಗೋಡೆ ಬಿರುಕುಬಿಡುವುದು ಕಟ್ಟಡದ ದೋಷವಾಗಿದ್ದರೆ ಅದರ ಹೊಣೆ ಏಜೆನ್ಸಿಯದಲ್ಲ. ಮನೆ ಕೊಳ್ಳುವವರ ಹಿತ ಕಾಯುವ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆ, 2016 ಅನ್ವಯವಾಗುವ ಯೋಜನೆಗಳಲ್ಲಿ, ಮನೆ ಸ್ವಾಧೀನಕ್ಕೆ ಬಂದ 5 ವರ್ಷಗಳೊಳಗೆ ತಿಳಿಸಿದ ಇಂಥ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು.

ಏಜೆನ್ಸಿಯ ನಿಜವಾದ ಸ್ಥಿತಿ ತಿಳಿಯುವುದು ಲೆಕ್ಕದ ಪುಸ್ತಕಗಳಲ್ಲಿ. ಜನರೇಟರಿನ ಗಂಟೆ ಮೀಟರು ತೋರಿಸುವ ಓಟ, ಡೀಸೆಲ್ ಖರೀದಿಯ ರಸೀದಿ, ಆ ತಿಂಗಳು ಹೆಸ್ಕಾಂನ (ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ) ವಿದ್ಯುತ್ ಹೋದ ಸಮಯ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಬೇಸಿಗೆಯಲ್ಲಿ ತರಿಸಿದ ನೀರಿನ ಟ್ಯಾಂಕರುಗಳ ಬಿಲ್ಲನ್ನು ಗೇಟಿನ ನೋಂದಣಿ ಪುಸ್ತಕದೊಂದಿಗೆ ಹೋಲಿಸಬೇಕು. ಒಂದು ತಿಂಗಳ ವ್ಯತ್ಯಾಸ ಅಜಾಗರೂಕತೆಯಿರಬಹುದು. ವಿವರಣೆ ಕೇಳಿದ ಮೇಲೂ ಅದು ಮುಂದುವರಿದರೆ ಆ ಏಜೆನ್ಸಿಯೊಂದಿಗೆ ಮುಂದುವರಿಯಲು ಕಾರಣವೇ ಉಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೂ ಗಂಭೀರವಾದದ್ದು ಕೆಲಸಗಾರರ ಬಾಕಿ. ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ) ಅನ್ವಯವಾಗುವಲ್ಲಿ, ಹಣ ಕಟ್ಟಿದ ಚಲನ್‌ಗಳ ಪ್ರತಿಯನ್ನು ಹೆಸರುಪಟ್ಟಿಯೊಂದಿಗೆ ಪ್ರತಿ ತಿಂಗಳು ಬಿಲ್ಲಿಗೆ ಲಗತ್ತಿಸಲು ಹೇಳಬೇಕು. ಏಜೆನ್ಸಿ ಕಟ್ಟದಿದ್ದರೆ ಆ ಭಾರ ಸಂಘದ ಮೇಲೂ ಬೀಳಬಹುದು. ಹಗಲಿರುಳು ನಮ್ಮ ಮಕ್ಕಳನ್ನೂ ಹಿರಿಯರನ್ನೂ ಕಾಯುವವರ ಸಂಬಳ ಮುಟ್ಟಿದೆಯೇ ಎಂದು ವಿಚಾರಿಸುವುದು ಸಂಘದ ಕರ್ತವ್ಯವೂ ಹೌದು. ಕಾವಲುಗಾರರನ್ನು ಒದಗಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪರವಾನಗಿ ಇರಲೇಬೇಕು.

ದೋಷಗಳು ಖಚಿತವಾದರೆ, ಅವುಗಳನ್ನು ದಿನಾಂಕಸಹಿತ ಬರೆದು, ಸರಿಪಡಿಸಲು ಗಡುವು ಕೊಟ್ಟು, ಸ್ವೀಕೃತಿ ಪಡೆಯಬೇಕು. ಗಡುವು ಮೀರಿದ ಮೇಲೂ ಬದಲಾವಣೆ ಕಾಣದಿದ್ದರೆ ಉಪನಿಯಮಗಳಂತೆ ಸಾಮಾನ್ಯ ಸಭೆ ಕರೆದು ನಿರ್ಣಯ ಮಾಡಬೇಕು. ಕರಾರಿನಲ್ಲಿರುವ ನೋಟಿಸ್ ಅವಧಿ ಮುಗಿಯುವ ಮೊದಲೇ ಆತುರಪಡಬಾರದು. ಹಣದ ದುರುಪಯೋಗ ಅಥವಾ ಲಿಫ್ಟಿನ ಸುರಕ್ಷತೆಯ ಕಡೆಗಣನೆಯಂಥ ಸಂಗತಿಯಿದ್ದರೆ ಮಾತ್ರ, ವಕೀಲರ ಸಲಹೆ ಪಡೆದು ಬೇಗ ಹೆಜ್ಜೆಯಿಡಬಹುದು.

ನಮ್ಮ ಊರಿನ ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಬಿಡದೆ ಸುರಿಯುವ ಮಳೆಯಲ್ಲಿ ನೆಲಮಾಳಿಗೆಯ ಪಂಪು ಎಲ್ಲಿದೆ, ತಾರಸಿಯ ಯಾವ ಕೊಳವೆ ಕಟ್ಟಿಕೊಳ್ಳುತ್ತದೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ನೀರುಣಿಸುವ ರಾಕಸಕೊಪ್ಪ ಜಲಾಶಯದ ಮಟ್ಟ ಇಳಿದು ನೀರಿನ ಚಿಂತೆ ಶುರುವಾಗುತ್ತದೆ. ಆದ್ದರಿಂದ ಮಳೆಗಾಲ ಮುಗಿದ ನಂತರದ ತಿಂಗಳುಗಳೇ ಬದಲಾವಣೆಗೆ ಯೋಗ್ಯ.

ಕೊನೆಯ ಎರಡು ವಾರ ಹಳೆಯ ಮತ್ತು ಹೊಸ ಸಿಬ್ಬಂದಿ ಜೊತೆಯಾಗಿ ಕೆಲಸ ಮಾಡುವಂತೆ ಏರ್ಪಡಿಸುವುದು ಒಳ್ಳೆಯದು. ಬೀಗದ ಕೈಗಳು, ನೀರು ಮತ್ತು ವಿದ್ಯುತ್ ಮಾರ್ಗದ ನಕ್ಷೆಗಳು, ಲಿಫ್ಟಿನ ಲಾಗ್ ಪುಸ್ತಕ, ಉಳಿದ ಡೀಸೆಲ್ಲಿನ ಪ್ರಮಾಣ, ನಿವಾಸಿಗಳ ಬಾಕಿಪಟ್ಟಿ, ಇವೆಲ್ಲವನ್ನೂ ಸಹಿಸಹಿತ ಪಡೆಯಬೇಕು. ಸಿಸಿಟಿವಿಯ ಪಾಸ್‌ವರ್ಡ್ ಬದಲಿಸಿ, ಹೆಸ್ಕಾಂ ಖಾತೆಗೆ ಹಳೆಯ ಮ್ಯಾನೇಜರರ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಅದನ್ನು ಸಂಘದ ಸಂಖ್ಯೆಗೆ ವರ್ಗಾಯಿಸಿದ ಬಳಿಕವೇ ಅಂತಿಮ ಲೆಕ್ಕವನ್ನು ಇತ್ಯರ್ಥಗೊಳಿಸಬೇಕು.